ಹೇಳಿ ಮಾಡಿಸಿದ ಬೇಸ್

(ಮೊದಲ ಸಲ ಎಲೆಕ್ಟ್ರಿಕ್ ಬೇಸ್ ಗಿಟಾರ್ ಕಟ್ಟಿಸಿಕೊಳ್ಳುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಯಾವುದಾದರೂ ಚೆನ್ನಾಗಿ ಹೊಂದಿಕೊಂಡರೆ ನಾವು 'ಹೇಳಿ ಮಾಡಿಸಿದ ಹಾಗಿದೆ' ಅನ್ನುತ್ತೇವೆ. ಈ ಮಾತಿನಲ್ಲಿ ಎರಡು ಕೆಲಸಗಳಿವೆ. ಮೊದಲು ಹೇಳಬೇಕು, ಆಮೇಲೆ ಮಾಡಿಸಬೇಕು. ಮೊದಲ ಸಲ ಬೇಸ್ ಕಟ್ಟಿಸುವವರು ಎಷ್ಟೋ ಸಲ ಎರಡನೆಯದನ್ನು ಮಾತ್ರ ಮಾಡುತ್ತಾರೆ. ಮರದ ಫೋಟೊ ತೋರಿಸುತ್ತಾರೆ, ಬಣ್ಣ ಆರಿಸುತ್ತಾರೆ, ಉಳಿದದ್ದನ್ನು 'ನೀವೇ ನೋಡಿ ಮಾಡಿ' ಎಂದು ಕಟ್ಟುವವರಿಗೆ ಬಿಡುತ್ತಾರೆ. ಬರುವ ವಾದ್ಯ ಚೆಂದವಾಗಿಯೇ ಇರುತ್ತದೆ, ಆದರೆ ಇನ್ನಾರದೋ ಕೈಗೆ ಕಟ್ಟಿದಂತಿರುತ್ತದೆ. ಹಾಗಾಗಿ ಇವತ್ತು ಹೇಳುವ ಭಾಗದ ಬಗ್ಗೆ ಹೆಚ್ಚು ಮಾತಾಡುತ್ತೇನೆ. ವಾದ್ಯ ಕೈಗೆ ಬಂದ ಮೇಲಿನ ಮೊದಲ ತಿಂಗಳ ಬಗ್ಗೆಯೂ ಮಾತಾಡಬೇಕು, ಏಕೆಂದರೆ ಆ ತಿಂಗಳು ಕೂಡ ಕಟ್ಟುವ ಕೆಲಸದ ಭಾಗವೇ.

ಇಂಥ ಬೇಸ್ ಕೊಡುವ ಸಂತೋಷ ಮರದ ಗೆರೆಗಳಲ್ಲಿ ಇರುತ್ತದೆ, ನಿಜ. ಆದರೆ ಅದು ಉಕ್ಕಿ ಬರುವ ಜಾಗಗಳು ಬೇರೆ. ಎರಡು ಗಂಟೆ ನಿಂತು ನುಡಿಸಿದ ಮೇಲೂ ಹೆಗಲು ನೋಯದಿದ್ದಾಗ. ಕಣ್ಣು ಹಾಯಿಸದೆಯೇ ಕೈ ಮೂರನೆಯ ಫ್ರೆಟ್ಟಿನಿಂದ (ಎಡಗೈ ಹಿಡಿಯುವ ಉದ್ದನೆಯ ಭಾಗವಾದ ನೆಕ್ಕಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಯೇ ಫ್ರೆಟ್) ಹತ್ತನೆಯದಕ್ಕೆ ಹೋಗಿ ಸರಿಯಾಗಿ ಕೂತಾಗ. ಆಂಪ್‌ಗೆ ಜೋಡಿಸುವ ಮೊದಲೇ ದಪ್ಪನೆಯ ಇ ತಂತಿ ಮೀಟಿದರೆ ವಾದ್ಯದ ಬಾಡಿಯನ್ನು ತಾಗಿದ ಪಕ್ಕೆಲುಬಿಗೆ ಆ ಕಂಪನ ಗೊತ್ತಾದಾಗ. ಈ ಮೂರಕ್ಕೂ ಹಿಂದೆ ಅಳತೆಗಳಿವೆ. ಅವುಗಳಲ್ಲಿ ಹೆಚ್ಚಿನವು ಮಿಲಿಮೀಟರ್‌ನಲ್ಲಿ ಬರೆದುಕೊಡಬಹುದಾದಂಥವು.

ಮೊದಲ ಅಳತೆ ಸ್ಕೇಲ್ ಲೆಂತ್, ಅಂದರೆ ನಟ್‌ನಿಂದ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬ್ರಿಜ್‌ವರೆಗೆ (ಬಾಡಿಯ ಮೇಲೆ ತಂತಿಗಳ ಇನ್ನೊಂದು ತುದಿ ಕೂರುವ ಭಾಗ) ತಂತಿಯ ನುಡಿಯುವ ಉದ್ದ. 1951ರಲ್ಲಿ ಬಂದ ಫೆಂಡರ್ ಪ್ರಿಸಿಷನ್ ಬೇಸಿನಲ್ಲಿ ಅದು 34 ಇಂಚು, ಅಂದರೆ 863.6 ಮಿ.ಮೀ. ಈಗಲೂ ಬಹುತೇಕ ಬೇಸ್‌ಗಳ ಅಳತೆ ಅದೇ. ಆದರೆ ಅದು ಎಲ್ಲರ ಕೈಗೂ ಒಪ್ಪಬೇಕೆಂದೇನಿಲ್ಲ. ಲೆಕ್ಕ ಹೀಗಿದೆ: ಸ್ಕೇಲ್ ಉದ್ದವನ್ನು 17.817ರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಫ್ರೆಟ್ಟಿನ ದೂರ ಸಿಗುತ್ತದೆ. 34 ಇಂಚಿಗೆ ಅದು 48.5 ಮಿ.ಮೀ., 30 ಇಂಚಿಗೆ 42.8 ಮಿ.ಮೀ. ವ್ಯತ್ಯಾಸ ಆರು ಮಿಲಿಮೀಟರ್‌ಗಿಂತ ಕಡಿಮೆ. ಆದರೆ ನಾಲ್ಕು ಬೆರಳನ್ನು ಮೊದಲ ನಾಲ್ಕು ಫ್ರೆಟ್‌ಗಳ ಮೇಲೆ ಹರಡಿದಾಗ ಅದು ಕೂಡುತ್ತಾ ಹೋಗುತ್ತದೆ, ಚಿಕ್ಕ ಅಂಗೈಗೆ ಅದೇ ದೊಡ್ಡ ಪರಿಹಾರ.

ಉದ್ದ ಕಡಿಮೆ ಮಾಡಿದರೆ ಬಿಗಿತವೂ ಕಡಿಮೆಯಾಗುತ್ತದೆ. ಅದೇ ತಂತಿ, ಅದೇ ಶ್ರುತಿ ಇದ್ದರೆ ಬಿಗಿತ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. 34ರಿಂದ 30 ಇಂಚಿಗೆ ಇಳಿದರೆ ಸುಮಾರು 22 ಶೇಕಡಾ ಸಡಿಲ, 35ಕ್ಕೆ ಏರಿದರೆ ಸುಮಾರು 6 ಶೇಕಡಾ ಬಿಗಿ. ಸಡಿಲ ತಂತಿ ಅಗಲವಾಗಿ ಕಂಪಿಸುತ್ತದೆ, ಫ್ರೆಟ್‌ಗೆ ಬೇಗ ಬಡಿಯುತ್ತದೆ. ಆದ್ದರಿಂದ ಚಿಕ್ಕ ಸ್ಕೇಲ್ ಬೇಕೆನ್ನುವವರು ದಪ್ಪ ತಂತಿಯನ್ನೂ ಜೊತೆಯಲ್ಲೇ ಯೋಚಿಸಬೇಕು. ಕಟ್ಟುವವರಿಗೆ ತಂತಿಯ ದಪ್ಪವನ್ನು ಮೊದಲೇ ಹೇಳಿ, ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಅವರು ಆ ದಪ್ಪಕ್ಕೇ ಕೊರೆಯುತ್ತಾರೆ. ನಾಲ್ಕು ತಂತಿಗೆ ಬಹಳ ಬಳಕೆಯಲ್ಲಿರುವುದು 45, 65, 85, 105, ಇಂಚಿನ ಸಾವಿರದ ಲೆಕ್ಕದಲ್ಲಿ.

ಐದು ತಂತಿಯ ಬೇಸ್ ಬಯಸುವವರು ಕೆಳಗಿನ ಬಿ ತಂತಿ ಮಬ್ಬಾಗುತ್ತದೆಂದು ಹೆದರಿ ಯೋಚಿಸದೆ 35 ಇಂಚು ಎಂದುಬಿಡುತ್ತಾರೆ. ಆ ತಂತಿಯ ಮೂಲ ಕಂಪನ ಸೆಕೆಂಡಿಗೆ 30.9 ಸಲ ಮಾತ್ರ, ಇ ತಂತಿಯದು 41.2. ಅಷ್ಟು ನಿಧಾನದ ಕಂಪನ ಸ್ಪಷ್ಟವಾಗಲು ಉದ್ದ ಸಹಾಯ ಮಾಡುತ್ತದೆ, ಆದರೆ ಅದು ಒಂದೇ ಸಾಲದು. ನೆಕ್ಕಿನ ಗಡಸುತನ, ಅದು ಬಾಡಿಗೆ ಕೂರುವ ಜಾಗದ ಬಿಗಿ, ತಂತಿಯ ಗುಣ ಎಲ್ಲವೂ ಬೇಕು. ನೆಕ್ಕಿನೊಳಗೆ, ಅದರ ಬಾಗನ್ನು ಹೊಂದಿಸುವ ಲೋಹದ ಕಂಬಿಯಾದ ಟ್ರಸ್ ರಾಡ್‌ನ ಎರಡೂ ಬದಿ ಕಾರ್ಬನ್ ಫೈಬರ್ ಪಟ್ಟಿ ಹಾಕಿಸಿದರೆ 34 ಇಂಚಿನಲ್ಲೂ ಒಳ್ಳೆಯ ಬಿ ಸಿಗುತ್ತದೆ. ಬೇಸ್ ವಾದಕ ಆಂಥನಿ ಜಾಕ್ಸನ್ ಅವರಿಗಾಗಿ ವಾದ್ಯ ಕಟ್ಟುವ ಕಾರ್ಲ್ ಥಾಂಪ್ಸನ್ 1975ರಲ್ಲಿ, ಇಂಥ ಬಿ ತಂತಿಯೂ ಇದ್ದ ಆರು ತಂತಿಯ ವಾದ್ಯ ಕಟ್ಟಿದರು.  ಜಾಕ್ಸನ್ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಕೆನ್ ಸ್ಮಿತ್, ಆಮೇಲೆ ಫೊಡೆರಾ ಅವರಿಂದಲೂ ಕಟ್ಟಿಸಿದರು. ತನಗೇನು ಬೇಕೆಂದು ಅಷ್ಟು ಸ್ಪಷ್ಟವಾಗಿ ಗೊತ್ತಿದ್ದವರೂ ಒಂದೇ ವಾದ್ಯದಲ್ಲಿ ಎಲ್ಲವನ್ನೂ ಮುಟ್ಟಲಿಲ್ಲ. ನಿಮ್ಮ ಮೊದಲ ವಾದ್ಯಕ್ಕೆ ಆ ಭಾರ ಹೊರಿಸಬೇಡಿ.

ಈಗ ನೆಕ್. ಇಲ್ಲಿ 'ತೆಳ್ಳಗಿರಲಿ', 'ಆರಾಮವಾಗಿರಲಿ' ಅನ್ನುವ ಮಾತುಗಳಿಂದ ಏನೂ ತಿಳಿಯುವುದಿಲ್ಲ. ನೀವು ಈವರೆಗೆ ನುಡಿಸಿದ ಬೇಸ್‌ಗಳಲ್ಲಿ ಕೈಗೆ ಅತ್ಯಂತ ಹಿತವಾದದ್ದನ್ನು ಎದುರಿಗಿಟ್ಟುಕೊಳ್ಳಿ. ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಐದು ಅಳತೆ ಬರೆದುಕೊಳ್ಳಿ: ನಟ್‌ನ ಅಗಲ, ಮೊದಲ ಫ್ರೆಟ್ಟಿನಲ್ಲಿ ನೆಕ್ಕಿನ ದಪ್ಪ, ಹನ್ನೆರಡನೆಯ ಫ್ರೆಟ್ಟಿನಲ್ಲಿ ಅಗಲ, ಅಲ್ಲಿನ ದಪ್ಪ, ಬ್ರಿಜ್‌ನಲ್ಲಿ ಒಂದು ತಂತಿಯ ನಡುವಿನಿಂದ ಪಕ್ಕದ ತಂತಿಯ ನಡುವಿಗೆ ದೂರ. ಫೆಂಡರ್ ಜಾಜ್ ಬೇಸಿನ ನಟ್ 38 ಮಿ.ಮೀ. ಅಗಲ, ಪ್ರಿಸಿಷನ್ ಬೇಸಿನದು ಸಾಮಾನ್ಯವಾಗಿ 41ರಿಂದ 44. ಬ್ರಿಜ್‌ನಲ್ಲಿ ತಂತಿಗಳ ಅಂತರ ಎರಡರಲ್ಲೂ ಸುಮಾರು 19 ಮಿ.ಮೀ. ಹೆಬ್ಬೆರಳಿನಿಂದ ಬಡಿದು ನುಡಿಸುವವರಿಗೆ ಈ 19 ಬೇಕೇ ಬೇಕು. ಬರಿ ಬೆರಳಿನಲ್ಲಿ ಐದು ತಂತಿ ನುಡಿಸುವವರಿಗೆ 17 ಕೂಡ ಹಿತ, ಕೈ ದೂರ ಚಾಚಬೇಕಿಲ್ಲ.

ದಪ್ಪದ ವಿಷಯದಲ್ಲಿ ಒಂದು ಎಚ್ಚರಿಕೆ. ಮೊದಲ ಫ್ರೆಟ್ಟಿನಲ್ಲಿ 20ರಿಂದ 21 ಮಿ.ಮೀ. ಬಹಳಷ್ಟು ಜನರಿಗೆ ಒಗ್ಗುತ್ತದೆ. ಅದನ್ನು 18ಕ್ಕೆ ಇಳಿಸಿ ಎಂದರೆ ನೆಕ್ ಬಾಗುವ ಸಾಧ್ಯತೆ ಹೆಚ್ಚುತ್ತದೆ, ಏಕೆಂದರೆ ಮರದ ಪಟ್ಟಿಯ ಗಡಸುತನ ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. ಹತ್ತು ಶೇಕಡಾ ತೆಳು ಮಾಡಿದರೆ ಗಡಸುತನ ಕಾಲುಭಾಗಕ್ಕಿಂತ ಹೆಚ್ಚು ಹೋಗಿಬಿಡುತ್ತದೆ. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 80 ಕೆಜಿ. ಅಷ್ಟನ್ನು ಹಗಲೂ ರಾತ್ರಿ ಹೊರುವುದು ಈ ಪಟ್ಟಿ.

ನೆಕ್ಕನ್ನು ಬಾಡಿಗೆ ಜೋಡಿಸುವ ಬಗೆ ಮೂರು: ಬೋಲ್ಟ್ ಹಾಕಿ ಬಿಗಿಯುವುದು, ಅಂಟಿಸುವುದು, ನೆಕ್ಕಿನ ಮರವೇ ಬಾಡಿಯ ನಡುವಿನಿಂದ ಕೊನೆಯವರೆಗೆ ಹಾಯುವುದು. ಕೊನೆಯದು ನೋಡಲು ಬಹಳ ಚೆಂದ, ಮೇಲಿನ ಫ್ರೆಟ್‌ಗಳಿಗೆ ಕೈ ಸಲೀಸಾಗಿ ಹೋಗುತ್ತದೆ. ಆದರೂ ಮೊದಲ ವಾದ್ಯಕ್ಕೆ ಬೋಲ್ಟ್‌ನದೇ ಒಳ್ಳೆಯದೆಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ನೆಕ್ಕಿನ ಕೋನ ಕೂದಲೆಳೆಯಷ್ಟು ತಪ್ಪಿದ್ದರೂ ಬೋಲ್ಟ್ ಬಿಚ್ಚಿ ತೆಳುವಾದ ಮರದ ಚೂರು ಇಟ್ಟು ಸರಿಪಡಿಸಬಹುದು. ಉಳಿದೆರಡರಲ್ಲಿ ಆ ತಪ್ಪು ಹಾಗೇ ಉಳಿದುಕೊಳ್ಳುತ್ತದೆ.

ಎಲ್ಲರೂ ಮರೆಯುವ ಸಂಗತಿ ಸಮತೋಲ. ಸ್ಟ್ರಾಪ್ ಹಾಕಿ ನಿಂತು ಎರಡೂ ಕೈ ಬಿಟ್ಟಾಗ ಹೆಡ್‌ಸ್ಟಾಕ್ (ತಂತಿ ಬಿಗಿಯುವ ಟ್ಯೂನರ್‌ಗಳಿರುವ ನೆಕ್ಕಿನ ತಲೆ) ನೆಲದ ಕಡೆ ಜಾರಿದರೆ, ನುಡಿಸುವಷ್ಟು ಹೊತ್ತೂ ಎಡಗೈ ಅದನ್ನು ಎತ್ತಿ ಹಿಡಿಯುವ ಕೆಲಸದಲ್ಲೇ ಇರುತ್ತದೆ. ನೋವು ಮಣಿಕಟ್ಟಿನಿಂದ ಶುರುವಾಗಿ ಹೆಗಲಿಗೆ ಏರುತ್ತದೆ. ಕಾರಣ ಸರಳವಾದ ಸನ್ನೆ ಲೆಕ್ಕ. ಸ್ಟ್ರಾಪ್ ಸಿಕ್ಕಿಸುವ ಗುಂಡಿಯಿಂದ ಟ್ಯೂನರ್‌ಗಳು ಬಹಳ ದೂರದಲ್ಲಿವೆ, ಅಲ್ಲಿನ ಪ್ರತಿ ಹತ್ತು ಗ್ರಾಂ ಬಾಡಿಯ ಕಡೆಯ ಎಷ್ಟೋ ಹೆಚ್ಚು ತೂಕಕ್ಕೆ ಸಮ. ಬಾಡಿಯ ಮೇಲಿನ ಕೊಂಬು ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ಬಂದರೆ ಸಾಮಾನ್ಯವಾಗಿ ವಾದ್ಯ ಅಡ್ಡಕ್ಕೆ ನಿಲ್ಲುತ್ತದೆ. ಕೊಂಬು ಗಿಡ್ಡವಾದಷ್ಟೂ ತಲೆ ಕೆಳಗೆ ಹೋಗುತ್ತದೆ.

ಇಲ್ಲಿ ಜನ ಎಡವುವ ರೀತಿಯೂ ಒಂದೇ. ಭಾರ ಬೇಡವೆಂದು ಹಗುರ ಮರದ ಬಾಡಿ ಕೇಳುತ್ತಾರೆ, ಒಳಗೆ ಟೊಳ್ಳು ಕೊರೆಸುತ್ತಾರೆ, ನೆಕ್ ಮತ್ತು ಟ್ಯೂನರ್ ಮಾತ್ರ ಭಾರದ್ದೇ ಇರುತ್ತವೆ. ಒಟ್ಟು ತೂಕ ನಾಲ್ಕು ಕೆಜಿಗಿಂತ ಕೆಳಗೆ ಬಂತೆಂದು ಹಿಗ್ಗುವಷ್ಟರಲ್ಲಿ ತಲೆ ಜಾರತೊಡಗುತ್ತದೆ. ತೂಕ ಇಳಿಸುವುದಾದರೆ ತಲೆಯಿಂದ ಶುರು ಮಾಡಿ: ಹಗುರ ಟ್ಯೂನರ್, ಚಿಕ್ಕ ಹೆಡ್‌ಸ್ಟಾಕ್, ಆಮೇಲೆ ಬಾಡಿ. ವಾದ್ಯ ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್ ತಮ್ಮ ಬೇಸಿನಲ್ಲಿ ಹೆಡ್‌ಸ್ಟಾಕನ್ನೇ ತೆಗೆದು ಟ್ಯೂನರ್‌ಗಳನ್ನು ಬ್ರಿಜ್ ಕಡೆಗೆ ತಂದರು. ಬೇಕಾದರೆ ಅಷ್ಟು ದೂರವೂ ಹೋಗಬಹುದು. ಆರ್ಡರ್ ಪತ್ರದಲ್ಲಿ 'ಕೈ ಬಿಟ್ಟಾಗ ನೆಕ್ ಅಡ್ಡಕ್ಕೆ ನಿಲ್ಲಬೇಕು' ಎಂದು ಒಂದು ಸಾಲು ಬರೆಯಿರಿ. ಕಟ್ಟುವವರು ಗುಂಡಿಗಳನ್ನು ಹಾಕುವ ಮೊದಲು ಅದನ್ನು ಪರೀಕ್ಷಿಸಲು ಸಾಧ್ಯ.

ಮರದ ಬಗ್ಗೆ ಬಹಳ ಹೇಳುವುದಿಲ್ಲ. ನೆಕ್ಕಿಗೆ ಗಟ್ಟಿ ಮೇಪಲ್, ನೇರ ಎಳೆಯದು, ತೇವಾಂಶ 6ರಿಂದ 8 ಶೇಕಡಾಗೆ ಒಣಗಿದ್ದು. ಬಾಡಿಗೆ ಆಲ್ಡರ್, ಆಶ್, ಮಹೋಗನಿ ಯಾವುದಾದರೂ ಆಗುತ್ತದೆ, ತೂಕ ನೋಡಿ ಆರಿಸಿ. ನೆಕ್ಕಿನ ಮೇಲೆ ಫ್ರೆಟ್‌ಗಳು ಕೂರುವ ಪಟ್ಟಿಯಾದ ಫಿಂಗರ್‌ಬೋರ್ಡ್‌ಗೆ ರೋಸ್‌ವುಡ್ ಬಯಸುವವರಿಗೆ ಒಂದು ಮಾತು: ಆ ಕುಲದ ಮರಗಳೆಲ್ಲ 2017ರಿಂದ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಆದರೆ ಬ್ರೆಜಿಲ್ ರೋಸ್‌ವುಡ್ ಇನ್ನೂ ಕಠಿಣವಾದ ಮೊದಲ ಪಟ್ಟಿಯಲ್ಲೇ ಇದೆ. ಗಡಿ ದಾಟಿ ಬರುವ ವಾದ್ಯಕ್ಕೆ ಅದನ್ನು ಹಾಕಿಸಬೇಡಿ. ಫ್ರೆಟ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ನಿಕಲ್ ಸಿಲ್ವರ್. ಎರಡನೆಯದರ ಹೆಸರಿನಲ್ಲಿ ಬೆಳ್ಳಿ ಇದ್ದರೂ ಒಳಗಿರುವುದು ತಾಮ್ರ, ನಿಕಲ್, ಸತು. ಸ್ಟೀಲ್ ಬಹಳ ನಿಧಾನವಾಗಿ ಸವೆಯುತ್ತದೆ.

ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಬ್ರ್ಯಾಂಡ್ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅದಕ್ಕಿಂತ ಮುಖ್ಯ ಅದು ಕೂರುವ ಜಾಗ. ಜಾಜ್ ಬೇಸಿನಲ್ಲಿ ಬ್ರಿಜ್ ಕಡೆಯ ಪಿಕಪ್ 1960ರ ದಶಕದಲ್ಲಿ ಇದ್ದ ಜಾಗದಿಂದ ಎಪ್ಪತ್ತರ ದಶಕದಲ್ಲಿ ಸುಮಾರು 10 ಮಿ.ಮೀ. ಬ್ರಿಜ್ ಹತ್ತಿರಕ್ಕೆ ಸರಿಯಿತು. ಆ ಹತ್ತು ಮಿಲಿಮೀಟರ್‌ನಿಂದ ಸ್ವರ ಬಿಗಿಯಾಯಿತು, ಚೂಪಾಯಿತು. ಬ್ರಿಜ್ ಹತ್ತಿರ ತಂತಿಯ ಅಲುಗಾಟ ಕಿರಿದು, ಮೂಲ ಸ್ವರದೊಂದಿಗೆ ಹೊಮ್ಮುವ ಮೇಲಿನ ಹಾರ್ಮೋನಿಕ್‌ಗಳ ಪಾಲು ಹೆಚ್ಚು. ನೆಕ್ ಹತ್ತಿರ ಮೂಲ ಸ್ವರವೇ ತುಂಬಿರುತ್ತದೆ. 'ತಂತಿಯ ಸರಿಯಾಗಿ ಕಾಲುಭಾಗದಲ್ಲಿ ಪಿಕಪ್ ಇಟ್ಟರೆ ವಿಶೇಷ ನಾದ' ಎಂಬ ಮಾತನ್ನು ನಂಬಬೇಡಿ. 34 ಇಂಚಿನ ತೆರೆದ ತಂತಿಗೆ ಕಾಲುಭಾಗ ಅಂದರೆ ಬ್ರಿಜ್‌ನಿಂದ 216 ಮಿ.ಮೀ. ಐದನೆಯ ಫ್ರೆಟ್ ಒತ್ತಿದ ಕೂಡಲೇ ಅದು 162ಕ್ಕೆ ಸರಿಯುತ್ತದೆ. ಪಿಕಪ್ ಇದ್ದಲ್ಲೇ ಇರುತ್ತದೆ.

ಎಲೆಕ್ಟ್ರಾನಿಕ್ಸ್‌ನಲ್ಲಿ ಸರಳವಾದದ್ದನ್ನು ಕೇಳಿ: 250 ಕಿಲೋ ಓಮ್‌ನ ಪಾಟ್‌ಗಳು (ವಾಲ್ಯೂಮ್, ಟೋನ್ ತಿರುಗಿಸುವ ನಿಯಂತ್ರಕಗಳು), ಟೋನ್‌ಗೆ 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್. ಬ್ಯಾಟರಿಯಿಂದ ನಡೆದು ವಾದ್ಯದೊಳಗೇ ಸದ್ದನ್ನು ಬಲಪಡಿಸುವ ಪ್ರಿಆಂಪ್ ಬೇಕಾದರೆ ಅದನ್ನು ಬದಿಗೆ ಸರಿಸುವ ಸ್ವಿಚ್ ಕೂಡ ಇರಲೇಬೇಕು. ಹಾಡಿನ ನಡುವೆ 9 ವೋಲ್ಟ್ ಬ್ಯಾಟರಿ ಸೋತರೆ ಸದ್ದು ಮೊದಲು ಒಡೆಯುತ್ತದೆ, ಆಮೇಲೆ ನಿಂತೇಹೋಗುತ್ತದೆ. ಆ ಸ್ವಿಚ್ ಇದ್ದರೆ ಹಾಡು ಮುಗಿಸಬಹುದು. ಇಂಥ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಕೇಬಲ್ ಚುಚ್ಚಿದಾಗಲೇ ಬ್ಯಾಟರಿ ಚಾಲೂ ಆಗುತ್ತದೆ, ಆದ್ದರಿಂದ ನುಡಿಸಿದ ಮೇಲೆ ಕೇಬಲ್ ಎಳೆದಿಡಿ. ಕಂಟ್ರೋಲ್‌ಗಳ ಗೂಡಿಗೆ ತಾಮ್ರದ ಹಾಳೆ ಅಂಟಿಸಿ ಅರ್ತ್‌ಗೆ ಜೋಡಿಸಲು ಹೇಳಿ.

ಸರಿ, ಹೇಳಿದ್ದಾಯಿತು, ಮಾಡಿಸಿದ್ದಾಯಿತು, ಪೆಟ್ಟಿಗೆ ಮನೆಗೆ ಬಂತು. ಈಗ ಅತ್ಯಂತ ಕಷ್ಟದ ಕೆಲಸ: ತೆರೆಯದೆ ಇರುವುದು. ಚಳಿಯಿಂದ ಅಥವಾ ಕಡು ಬಿಸಿಲಿನಿಂದ ಬಂದ ವಾದ್ಯ ಕೋಣೆಯ ಉಷ್ಣತೆಗೆ ನಿಧಾನವಾಗಿ ಹೊಂದಿಕೊಳ್ಳಬೇಕು. ಮುಚ್ಚಿದ ಕೇಸಿನಲ್ಲೇ ಒಂದು ರಾತ್ರಿ ಬಿಡಿ. ತಟ್ಟನೆ ತೆರೆದರೆ ತಂಪಾದ ಲೋಹದ ಮೇಲೆ ನೀರು ಕಟ್ಟುತ್ತದೆ, ನೈಟ್ರೋ ಲ್ಯಾಕರ್ ಎಂಬ ಮೆರುಗು ಹಚ್ಚಿದ್ದರೆ ಮೇಲ್ಮೈ ಬಿರುಕು ಬಿಡುವುದೂ ಉಂಟು.

ಬೆಳಿಗ್ಗೆ ತೆರೆದಾಗ ಮೊದಲು ಕಣ್ತುಂಬ ನೋಡಿ. ಬೆಳಕಿಗೆ ಹಿಡಿದು ತಿರುಗಿಸಿ, ನೆಕ್ಕಿನ ಬೆನ್ನನ್ನು ಅಂಗೈಯಿಂದ ಸವರಿ. ಆ ಗಳಿಗೆ ಮತ್ತೆ ಬರುವುದಿಲ್ಲ, ಅದಕ್ಕೆ ಅವಸರ ಬೇಡ. ಆಮೇಲೆ ಬೆರಳನ್ನು ಫಿಂಗರ್‌ಬೋರ್ಡ್‌ನ ಅಂಚಿನುದ್ದಕ್ಕೂ ಎಳೆಯಿರಿ. ಫ್ರೆಟ್‌ನ ತುದಿಗಳು ಚುಚ್ಚಿದರೆ ದಾರಿಯಲ್ಲಿ ಮರ ಒಣಗಿ ಕುಗ್ಗಿದೆ, ಲೋಹ ಹಾಗೇ ಉಳಿದಿದೆ ಎಂದರ್ಥ. ಅರದಿಂದ ಸರಿಪಡಿಸುವಂಥದ್ದೇ, ಗಾಬರಿ ಬೇಡ. ಹೊರಗಿನ ಎರಡೂ ತಂತಿಗಳು ನೆಕ್ಕಿನ ಅಂಚಿನಿಂದ ಸಮದೂರದಲ್ಲಿವೆಯೇ ನೋಡಿ. ಒಂದು ಕಡೆ ವಾಲಿದ್ದರೆ ಬೋಲ್ಟ್ ಸಡಿಲಿಸಿ ನೆಕ್ಕನ್ನು ನೇರ ಮಾಡಬೇಕಾದೀತು.

ಸೆಟಪ್‌ಗೆ, ಅಂದರೆ ವಾದ್ಯವನ್ನು ನುಡಿಸಲು ಹೊಂದಿಸುವ ಕೆಲಸಕ್ಕೆ, ಒಂದು ಕ್ರಮವಿದೆ. ಅದು ತಪ್ಪಿದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಮೊದಲು ಸರಿಯಾದ ಶ್ರುತಿ, ಏಕೆಂದರೆ ಆ 80 ಕೆಜಿ ಎಳೆತ ಇಲ್ಲದೆ ಯಾವ ಅಳತೆಯೂ ನಿಜವಲ್ಲ. ಆಮೇಲೆ ನೆಕ್ಕಿನ ಬಾಗು. ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ನೆಕ್ ಬಾಡಿಗೆ ಸೇರುವಲ್ಲಿನ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ, ಏಳು ಎಂಟನೆಯ ಫ್ರೆಟ್ಟಿನ ಬಳಿ ತಂತಿಯ ಕೆಳಗಿನ ಸಂದಿ ಅಳೆಯಿರಿ. 0.25ರಿಂದ 0.4 ಮಿ.ಮೀ. ಇದ್ದರೆ ಒಳ್ಳೆಯದು. ಹೆಚ್ಚಿದ್ದರೆ ಟ್ರಸ್ ರಾಡನ್ನು ಬಲಕ್ಕೆ, ಬಿಗಿಯಾಗುವ ಕಡೆ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಮರ ಕೂಡಲೇ ಪೂರ್ತಿ ಓಗೊಡುವುದಿಲ್ಲ, ಮರುದಿನ ಇನ್ನಷ್ಟು ಸರಿದಿರಬಹುದು. ಅಳತೆ ತಪ್ಪಿದ ಕೀಲಿಯಿಂದ ತಿರುಗಿಸಿದರೆ ರಾಡಿನ ತುದಿಯ ತಿರುಪಿನ ಮೂಲೆ ಉರುಟಾಗಿಬಿಡುತ್ತದೆ, ಅದನ್ನು ರಿಪೇರಿ ಮಾಡುವುದು ಬಹಳ ಕಷ್ಟ. ಕಟ್ಟಿದವರಿಂದಲೇ ಸರಿಯಾದ ಕೀಲಿ ಕೇಳಿ ಪಡೆಯಿರಿ.

ಆಮೇಲೆ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಇ ತಂತಿ 2.5 ಮಿ.ಮೀ., ಅತಿ ತೆಳುವಾದ ಜಿ ತಂತಿ 2 ಮಿ.ಮೀ. ಅಲ್ಲಿಂದ ಶುರು ಮಾಡಿ, ನಿಮ್ಮ ಮೀಟಿನ ಜೋರಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿ. ನಟ್ ಪರೀಕ್ಷೆಗೆ ಮೂರನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಮೊದಲ ಫ್ರೆಟ್ಟಿನ ಮೇಲೆ ನೋಡಿ: ಕಾಗದದ ಹಾಳೆಯಷ್ಟು ಸಂದಿ ಕಾಣಬೇಕು. ಹೆಚ್ಚಿದ್ದರೆ ಮೊದಲ ಎರಡು ಮೂರು ಫ್ರೆಟ್‌ಗಳ ಸ್ವರಗಳು ಶ್ರುತಿ ಏರಿ ಕೇಳುತ್ತವೆ, ಬೆರಳೂ ಸೋಲುತ್ತದೆ. ಸಂದಿಯೇ ಇಲ್ಲದಿದ್ದರೆ ತೆರೆದ ತಂತಿ ಝರ್ ಅನ್ನುತ್ತದೆ. ಇದನ್ನು ಮನೆಯಲ್ಲಿ ಅರದಿಂದ ಉಜ್ಜಲು ಹೋಗಬೇಡಿ, ಕಟ್ಟಿದವರಿಗೇ ಒಪ್ಪಿಸಿ.

ಕೊನೆಗೆ ಇಂಟೊನೇಷನ್, ಅಂದರೆ ನೆಕ್ಕಿನ ಉದ್ದಕ್ಕೂ ಸ್ವರಗಳು ಶ್ರುತಿಯಲ್ಲಿರುವುದು. ಹನ್ನೆರಡನೆಯ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬರಿ ತಾಗಿಸಿ ಮೀಟಿದಾಗ ಬರುವ ಹಾರ್ಮೋನಿಕ್ ಮತ್ತು ಅಲ್ಲೇ ಒತ್ತಿ ನುಡಿಸಿದ ಸ್ವರ ಒಂದೇ ಆಗಿರಬೇಕು. ಒತ್ತಿದ ಸ್ವರ ಏರಿದ್ದರೆ ಬ್ರಿಜ್‌ನಲ್ಲಿ ತಂತಿ ಕೂರುವ ತುಂಡಾದ ಸ್ಯಾಡಲನ್ನು ಹಿಂದಕ್ಕೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ಕೆಳಗಿನ ತಂತಿ ಎಷ್ಟೇ ಸರಿಸಿದರೂ ಶ್ರುತಿಗೆ ಕೂರದೆ ಅಲೆಯುತ್ತಿದ್ದರೆ ಸ್ಯಾಡಲ್ ಬಿಟ್ಟು ಪಿಕಪ್ ನೋಡಿ. ಅಯಸ್ಕಾಂತ ಬಹಳ ಹತ್ತಿರವಿದ್ದರೆ ತಂತಿಯನ್ನೇ ಎಳೆಯುತ್ತದೆ. ಕೊನೆಯ ಫ್ರೆಟ್ ಒತ್ತಿದಾಗ ಇ ತಂತಿಗೂ ಪಿಕಪ್‌ಗೂ ನಡುವೆ 3 ಮಿ.ಮೀ. ಇರಲಿ.

ಆಂಪ್‌ಗೆ ಜೋಡಿಸಿದಾಗ ಗುಂಯ್ ಸದ್ದು ಇದ್ದು, ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಬ್ರಿಜ್‌ನ ಅರ್ತ್ ತಂತಿ ಕೆಲಸ ಮಾಡುತ್ತಿದೆ. ಮುಟ್ಟಿದಾಗ ಸದ್ದು ಹೆಚ್ಚಾದರೆ ಎಲ್ಲೋ ವೈರ್ ಅದಲುಬದಲಾಗಿದೆ. ತಂತಿ ಮುಟ್ಟಿದಾಗ ಜುಮ್ ಎಂದರೆ ನುಡಿಸುವುದನ್ನು ತಕ್ಷಣ ನಿಲ್ಲಿಸಿ, ಆಂಪ್ ಮತ್ತು ಪ್ಲಗ್ಗಿನ ಅರ್ತಿಂಗ್ ಪರೀಕ್ಷೆ ಮಾಡಿಸಿ.

ಮೊದಲ ತಿಂಗಳಲ್ಲಿ ನಾದದ ಬಗ್ಗೆ ತೀರ್ಪು ಕೊಡಬೇಡಿ. ಹೊಸ ತಂತಿಯ ಹೊಳಪು ಕೆಲವು ವಾರಗಳಲ್ಲಿ ಇಳಿಯುತ್ತದೆ, ಆಗ ಉಳಿಯುವುದೇ ವಾದ್ಯದ ದನಿ. ಒಬ್ಬರೇ ಕೂತು ನುಡಿಸುವಾಗ ತುಂಬು ಮಂದ್ರ ಹಿತವೆನಿಸಿದರೂ ಡ್ರಮ್ಸ್ ಮತ್ತು ಗಿಟಾರ್ ಸೇರಿದಾಗ ಅದು ಕರಗಿಹೋಗುತ್ತದೆ. ಮಂದ್ರದ ಮೇಲಿನ ಮಧ್ಯದ ಭಾಗವೇ ಆಗ ಕೇಳಿಸುವುದು. ಆದ್ದರಿಂದ ಪಿಕಪ್ ಬದಲಿಸುವ ಯೋಚನೆ ಬಂದರೆ ಮೊದಲು ಜೊತೆಯವರೊಂದಿಗೆ ನುಡಿಸಿ ನೋಡಿ.

ಜಿ ತಂತಿಯಲ್ಲಿ ಐದರಿಂದ ಏಳನೆಯ ಫ್ರೆಟ್ಟಿನ ಆಸುಪಾಸು ಒಂದು ಸ್ವರ ಬೇಗ ಸತ್ತುಹೋಗುವುದು ನಿಮ್ಮ ಗಮನಕ್ಕೆ ಬರಬಹುದು. ನೆಕ್ಕಿನ ಸ್ವಂತ ಕಂಪನ ಆ ಸ್ವರಕ್ಕೆ ಹೊಂದಿಕೊಂಡು ತಂತಿಯ ಶಕ್ತಿಯನ್ನು ಹೀರುತ್ತದೆ. ದೊಡ್ಡ ಹೆಸರಿನ ವಾದ್ಯಗಳಲ್ಲೂ ಇದು ಇರುತ್ತದೆ, ಕಟ್ಟಿದವರನ್ನು ದೂರಬೇಡಿ. ಹೆಡ್‌ಸ್ಟಾಕ್‌ಗೆ ಸಣ್ಣ ಕ್ಲ್ಯಾಂಪ್ ಕಚ್ಚಿಸಿ ನೋಡಿ, ಆ ಜಾಗ ಒಂದೆರಡು ಫ್ರೆಟ್ ಅತ್ತಿತ್ತ ಸರಿಯುತ್ತದೆ. ನೀವು ಕಡಿಮೆ ಬಳಸುವ ಸ್ವರದ ಮೇಲೆ ಅದನ್ನು ಕೂರಿಸಬಹುದು.

ನಾಲ್ಕು ವಾರ ಕಳೆದ ಮೇಲೆ ಬಾಗು, ಎತ್ತರ, ಇಂಟೊನೇಷನ್ ಮೂರನ್ನೂ ಮತ್ತೆ ಅಳೆಯಿರಿ. ಹೊಸ ನೆಕ್ ತಂತಿಯ ಎಳೆತಕ್ಕೆ ಒಗ್ಗಿ ಸ್ವಲ್ಪ ಬದಲಾಗಿರುವುದು ಸಹಜ. ಈ ಸಲದ ಸಂಖ್ಯೆಗಳನ್ನು ದಿನಾಂಕ, ತಂತಿಯ ದಪ್ಪ, ಕೋಣೆಯ ತೇವಾಂಶದ ಜೊತೆ ಒಂದು ಹಾಳೆಯಲ್ಲಿ ಬರೆದು ಕೇಸಿನೊಳಗಿಡಿ. ತೇವಾಂಶ 45ರಿಂದ 55 ಶೇಕಡಾ ನಡುವೆ ಇದ್ದರೆ ಮರಕ್ಕೆ ಹಿತ. ಹವೆ ಬದಲಾಗಿ ಬೇಸ್ ಯಾಕೋ ಕೈಗೆ ಕೂರುತ್ತಿಲ್ಲ ಅನಿಸಿದ ದಿನ ಆ ಹಾಳೆ ತೆಗೆಯಿರಿ, ಹಳೆಯ ಸಂಖ್ಯೆಗೆ ಮರಳಿಸಿ. ಹತ್ತು ನಿಮಿಷದ ಕೆಲಸ.